ನನ್ನದಾಗಬೇಕಿದ್ದ ಕುರ್ಚಿಯ ಮೇಡಂ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ನಾಲ್ಕೂ ಶಾಖೆಯವರು ಹುಡುಕಿಕೊಂಡು ಓದುತ್ತಾರೆ. ಓದಿ, ಮೇಡಂ ಬಗ್ಗೆ ಇಷ್ಟೇನಾ ಬರೆಯೋದು ಅಂತ ನನ್ನ ಜತೆ ಜಗಳಕ್ಕೆ ಬರುತ್ತಾರೆ. ಮೂರು ವರ್ಷ ನಾನು ಅವರ ಕೈಕೆಳಗೆ ಕೆಲಸ ಮಾಡಿದೆ. ಮೂರೂ ವರ್ಷ ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸಲೀಸು.

ನಮ್ಮದು ಕೃಷಿ ಯಂತ್ರಗಳ ವ್ಯಾಪಾರ. ಚನ್ನಗಿರಿಯಲ್ಲಿ ಮುಖ್ಯ ಕಚೇರಿ. ಹೊನ್ನಾಳಿ, ನ್ಯಾಮತಿ, ಜಗಳೂರಿನವೂ ಸೇರಿ ಒಟ್ಟು ನಾಲ್ಕು ಶಾಖೆ. ಟಿಲ್ಲರ್, ಪಂಪ್‌ಸೆಟ್, ಭತ್ತ ಬಡಿಯುವ ಮಷಿನು, ಅಡಿಕೆ ಸುಲಿಯುವ ಮಷಿನು ಎಲ್ಲವನ್ನೂ ಮಾರುವುದು ನಾವೇ, ಕೆಟ್ಟರೆ ರಿಪೇರಿ ಮಾಡುವುದೂ ನಾವೇ. ಮಾರುವುದು ದೊಡ್ಡ ಮಾತಲ್ಲ. ಬಿಡಿಭಾಗಗಳನ್ನು ಸಂಭಾಳಿಸುವುದು ದೊಡ್ಡ ಮಾತು. ಸುಗ್ಗಿಯಲ್ಲಿ ಒಂದು ಬೇರಿಂಗ್ ಇಲ್ಲ ಅಂದರೆ ರೈತ ಅಂಗಡಿ ಮುಂದೆಯೇ ಕೂತುಬಿಡುತ್ತಾನೆ. ನಾನು ಡಿಪ್ಲೊಮಾ ಮುಗಿಸಿ ಸೇರಿದಾಗ ಇಡೀ ಸಂಸ್ಥೆಗೆ ಒಂದೇ ಕಂಪ್ಯೂಟರ್ ಇತ್ತು, ಅದರ ಮೇಲೆ ಒಂದು ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಬಟ್ಟೆ ತೆಗೆದವನು ನಾನು. ಸ್ಟಾಕ್ ನೋಡುವ ಪ್ರೋಗ್ರಾಂ ಬರೆದವನು ನಾನು. ಒಂದೊಂದು ಶಾಖೆಗೂ ಹೋಗಿ ಕೂರಿಸಿ, ಕೆಟ್ಟಾಗಲೆಲ್ಲ ಬಸ್ಸು ಹತ್ತಿ ಹೋಗಿ ಸರಿಮಾಡಿದವನೂ ನಾನೇ. ಅದು ಯಾಕೆ ಕೆಡುತ್ತದೆ ಅನ್ನುವುದು ನನಗೊಬ್ಬನಿಗೇ ಗೊತ್ತಿತ್ತು. ಹನ್ನೆರಡು ವರ್ಷ ನಾನು ಬದುಕಿದ್ದು ಆ ಒಂದು ಬಲದ ಮೇಲೆ.

ಆಮೇಲೆ ನಮ್ಮ ಯಜಮಾನರು, ಅಂದರೆ ಸಂಸ್ಥೆಯ ಮಾಲೀಕರು, ನಾಲ್ಕೂ ಶಾಖೆ ಒಂದೇ ವ್ಯವಸ್ಥೆಗೆ ಬರಬೇಕು ಅಂದರು. ಜಗಳೂರಿನ ರ್‍ಯಾಕಿನಲ್ಲಿ ಏನಿದೆ ಅನ್ನುವುದು ಚನ್ನಗಿರಿಯಲ್ಲಿ ಕೂತವರಿಗೆ ಕಾಣಬೇಕು. ದಾವಣಗೆರೆಯ ಒಂದು ಸಣ್ಣ ಕಂಪನಿ ಹೊಸ ಸಾಫ್ಟ್‌ವೇರ್ ಮಾಡಿಕೊಡುತ್ತದೆ; ನಮ್ಮ ಕಡೆಯಿಂದ ಅದನ್ನು ನಡೆಸುವವರು ಒಬ್ಬರು ಬೇಕು. ಆ ಒಬ್ಬರು ಯಾರು ಅಂತ ಕೇಳುವ ಪ್ರಶ್ನೆಯೇ ಇರಲಿಲ್ಲ. ಮೆಕ್ಯಾನಿಕ್‌ಗಳು ಆಗಲೇ ನನ್ನನ್ನು ಮ್ಯಾನೇಜರ್ ಸಾಹೇಬ್ರು ಅಂತ ಕರೆಯಲು ಶುರುಮಾಡಿದ್ದರು. ಯಜಮಾನರು ಕರೆದ ದಿನ ನಾನು ತಂಗಿಯ ಮದುವೆಗೆ ಹೊಲಿಸಿದ್ದ ಅಂಗಿ ಹಾಕಿಕೊಂಡು ಹೋದೆ. ಒಳಗೆ ಹೋದರೆ ಯಜಮಾನರ ಎದುರಿನ ಕುರ್ಚಿಯಲ್ಲಿ ಒಬ್ಬರು ಹೆಂಗಸು ಕೂತಿದ್ದರು.

"ಬಾರಪ್ಪ. ಇವರು ಇನ್ಮೇಲೆ ಪ್ರಾಜೆಕ್ಟ್ ನೋಡ್ಕಂತಾರೆ. ಇವರಿಗೆ ಎಲ್ಲಾ ತಿಳ್ಸಿಕೊಡು" ಅಂದರು ಯಜಮಾನರು.

ಅವರು ಎದ್ದು ನಿಂತು ನಮಸ್ಕಾರ ಮಾಡಿದರು. ನನ್ನ ಅಂಗಿಯನ್ನು ಒಂದು ಕ್ಷಣ ನೋಡಿದರು. ಆ ಅಂಗಿ ಯಾಕೆ ಹಾಕಿಕೊಂಡು ಬಂದಿದ್ದೇನೆ ಅನ್ನುವುದು ಅವರಿಗೆ ಅರ್ಥವಾಯಿತು ಅಂತ ನನಗೆ ಅನ್ನಿಸಿತು. ನನ್ನ ಉರಿ ಹತ್ತಿದ್ದು ಅಲ್ಲಿಂದ.

ನಲವತ್ತೈದರ ಆಸುಪಾಸಿನವರು. ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಸೀರೆಗೆ ಶೂ ಹಾಕಿದವರನ್ನು ನಮ್ಮ ವರ್ಕ್‌ಶಾಪಿನವರು ನೋಡಿದ್ದು ಅದೇ ಮೊದಲು, ಮುಸಿಮುಸಿ ನಕ್ಕರು. ವಾರಕ್ಕೆ ನಾಲ್ಕು ದಿನ ಬಸ್ಸಿನಲ್ಲಿ ಓಡಾಡುವವರಿಗೆ ಚಪ್ಪಲಿ ಆಗಿಬರುವುದಿಲ್ಲ ಅಂತ ಗೊತ್ತಾದ ಮೇಲೆ ಸುಮ್ಮನಾದರು. ಹುಟ್ಟಿದ್ದು ಸಂತೇಬೆನ್ನೂರು, ಓದಿದ್ದು ದಾವಣಗೆರೆ. ಹುಬ್ಬಳ್ಳಿಯಲ್ಲಿ ಒಂದು ಕಂಪನಿಗೆ ಸೇರಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸದಿಂದ ಶುರುಮಾಡಿ ತಂಡ ನಡೆಸುವವರೆಗೆ ಬಂದಿದ್ದರು. ಗಂಡ ಕಾಲೇಜಿನಲ್ಲಿ ಮೇಷ್ಟ್ರು. ಅವರಿಗೆ ಚನ್ನಗಿರಿಗೆ ವರ್ಗವಾದ್ದರಿಂದ ಇಲ್ಲಿಗೆ ಬಂದಿದ್ದು. ಪ್ರೋಗ್ರಾಂ ಬರೆಯುವುದು ಮೇಡಂಗೆ ಅಷ್ಟಕ್ಕಷ್ಟೆ. ಇದು ಗೊತ್ತಾದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಮೊದಲ ಮೂರು ದಿನ ನನ್ನ ಪ್ರೋಗ್ರಾಂ ಅವರಿಗೆ ವಿವರಿಸಬೇಕಿತ್ತು. ಬೇಕಂತಲೇ ಕಷ್ಟದ ಮಾತುಗಳಲ್ಲಿ ಹೇಳಿದೆ. ಅರ್ಥವಾದವರ ಹಾಗೆ ತಲೆಯಾಡಿಸುತ್ತಾರೆ, ಆಮೇಲೆ ಎಲ್ಲಾದರೂ ಸಿಕ್ಕಿಬೀಳುತ್ತಾರೆ ಅನ್ನುವುದು ನನ್ನ ಲೆಕ್ಕಾಚಾರ. ಅವರು ತಲೆಯಾಡಿಸಲಿಲ್ಲ. ಪೆನ್ನು ಕೆಳಗಿಟ್ಟು, ಇದು ನಂಗೆ ತಿಳೀಲಿಲ್ಲ, ಇನ್ನೊಂದು ಸಲ ಹೇಳ್ರಿ ಅಂದರು. ಇನ್ನೊಂದು ಸಲ ಹೇಳಿದೆ. ಮತ್ತೆ, ತಿಳೀಲಿಲ್ಲ. ಪಕ್ಕದಲ್ಲಿ ಬಿಲ್ಲಿಂಗ್ ಹುಡುಗಿಯರು ಕೂತಿದ್ದರು, ಚಹಾ ತಂದವನು ನಿಂತಿದ್ದ. ಅವರೆಲ್ಲರ ಮುಂದೆ ಐದಾರು ಸಲ ನನಗೆ ತಿಳಿಯಲಿಲ್ಲ ಅಂತ ಹೇಳಿದರೂ ಆ ಮುಖದಲ್ಲಿ ಒಂದಿಷ್ಟೂ ನಾಚಿಕೆ ಇಲ್ಲ. ಕೊನೆಗೆ ನಾನೇ ಸೋತು ಮಾಮೂಲಿ ಮಾತಿನಲ್ಲಿ ಹೇಳಿದೆ. ಮೂರನೇ ದಿನ ಸಂಜೆ ನನ್ನ ಪ್ರೋಗ್ರಾಂ ಎಲ್ಲಿ ಸುಳ್ಳು ಹೇಳುತ್ತದೆ ಅನ್ನುವುದನ್ನು ಅವರು ನನಗಿಂತ ಚೆನ್ನಾಗಿ ಹೇಳಬಲ್ಲವರಾಗಿದ್ದರು. ನಾನು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಯಾರ ಮುಂದೆಯೂ ನನಗೆ ಗೊತ್ತಿಲ್ಲ ಅಂದವನಲ್ಲ. ಗೊತ್ತಿಲ್ಲದ್ದನ್ನು ಮನೆಗೆ ಹೊತ್ತುಕೊಂಡು ಹೋಗಿ ಭಾನುವಾರವೆಲ್ಲ ಕೂತು ಕಲಿತು ಸೋಮವಾರ ಮೊದಲೇ ಗೊತ್ತಿದ್ದವನ ಹಾಗೆ ಹೇಳುತ್ತಿದ್ದೆ. ಅವರು ಭಾನುವಾರ ಆರಾಮವಾಗಿ ಮನೆಯಲ್ಲಿರುತ್ತಿದ್ದರು.

ಕೆಲಸ ಯಾವ ಶಾಖೆಯಿಂದ ಶುರುಮಾಡುವುದು ಅನ್ನುವ ಮಾತು ಬಂದಾಗ ನಾನು ಚನ್ನಗಿರಿ ಅಂದೆ. ಕಚೇರಿ ಇಲ್ಲೇ ಇದೆ, ಜನ ಇದ್ದಾರೆ, ನೆಟ್‌ವರ್ಕ್ ಚೆನ್ನಾಗಿದೆ. ಮೇಡಂ ಜಗಳೂರು ಅಂದರು. ಎಲ್ಲಕ್ಕಿಂತ ದೂರ, ಎಲ್ಲಕ್ಕಿಂತ ಸಣ್ಣದು, ಕರೆಂಟು ಯಾವಾಗ ಹೋಗುತ್ತದೋ ಹೇಳುವ ಹಾಗಿಲ್ಲ. ಅಲ್ಲಿನ ಸ್ಟೋರ್ ನೋಡುವವರು ನಿವೃತ್ತಿಗೆ ಹತ್ತಿರ ಬಂದ ಹಿರಿಯರು, ಕಂಪ್ಯೂಟರನ್ನು ಹುಡುಗರಿಗೆ ಬಿಟ್ಟು ಒಮ್ಮೆಯೂ ಮೌಸ್ ಮುಟ್ಟಿದವರಲ್ಲ. ಯಜಮಾನರೂ ಹುಬ್ಬೇರಿಸಿದರು. ಮೇಡಂ ಅಂದದ್ದು ಇಷ್ಟೇ, ಅಲ್ಲಿ ನಡೆದರೆ ಎಲ್ಲಾ ಕಡೆ ನಡೀತೈತೆ.

ಒಳಗೊಳಗೇ ಖುಷಿಪಟ್ಟೆ. ಎಡವಲಿ ಅಂತ ಕಾದೆ.

ಜಗಳೂರಿಗೆ ಮೊದಲ ಸಲ ನಾವಿಬ್ಬರೂ ಹೋದೆವು. ಮೇಡಂ ಆ ದಿನವೆಲ್ಲ ಕಂಪ್ಯೂಟರ್ ಹತ್ತಿರ ಹೋಗಲೇ ಇಲ್ಲ. ಕೌಂಟರಿನ ಒಳಗೆ ಒಂದು ಸ್ಟೂಲ್ ಹಾಕಿಕೊಂಡು, ಆ ಹಿರಿಯರು ಕೆಲಸ ಮಾಡುವುದನ್ನು ನೋಡುತ್ತಾ ಕೂತರು. ಒಬ್ಬ ರೈತ ಬಂದು ಮೋಟಾರಿನ ಯಾವುದೋ ಸಾಮಾನು ಕೇಳಿದರೆ ಆ ಹಿರಿಯರು ತಲೆ ಎತ್ತದೆ, ಬಾಗ್ಲ ಪಕ್ಕದ ರ್‍ಯಾಕು, ಮೇಲಿನ ಖಾನೆ, ಎಡಗಡೆ ಅಂತ ಹುಡುಗರಿಗೆ ಹೇಳುತ್ತಿದ್ದರು. ಸಾಮಾನು ಅಲ್ಲೇ ಇರುತ್ತಿತ್ತು. ಮೇಡಂ ಅದನ್ನೆಲ್ಲ ಹಳೇ ಕ್ಯಾಲೆಂಡರಿನ ಹಾಳೆಗಳ ಹಿಂದೆ ದಪ್ಪ ಮಾರ್ಕರಿನಲ್ಲಿ ಬರೆದುಕೊಂಡರು. ಮುಂದಿನ ತಿಂಗಳು ಹೊಸ ಪರದೆ ಬಂದಾಗ ಪ್ರತಿ ಸಾಮಾನಿನ ಮುಂದೆ ಆ ಹಿರಿಯರದೇ ಮಾತು ಇತ್ತು: ಬಾಗ್ಲ ಪಕ್ಕದ ರ್‍ಯಾಕು, ಮೇಲಿನ ಖಾನೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ಓದಿದರು, ಇನ್ನೊಮ್ಮೆ ಓದಿದರು. ಆಮೇಲೆ ಮೌಸ್ ಮೇಲೆ ಕೈ ಇಟ್ಟರು.

ಆ ಹಿರಿಯರ ಜತೆ ನನಗೆ ಹನ್ನೆರಡು ವರ್ಷದ ಒಡನಾಟ. ಎಷ್ಟು ಸಲ ಅವರ ಮನೆಯಲ್ಲಿ ರೊಟ್ಟಿ ತಿಂದಿದ್ದೇನೆ. ಒಂದು ದಿನವೂ ಅವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿರಲಿಲ್ಲ. ಜಗಳೂರಿನಿಂದ ಬರುವಾಗ ಬಸ್ಸಿನಲ್ಲಿ ಮೇಡಂ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ನಾನು ಅವರ ಮಡಿಲಲ್ಲಿದ್ದ ಕ್ಯಾಲೆಂಡರ್ ಹಾಳೆಗಳನ್ನೇ ನೋಡುತ್ತಾ ಬಂದೆ. ಇಷ್ಟು ಸುಲಭದ್ದು ನನಗೆ ಯಾಕೆ ಹೊಳೆಯಲಿಲ್ಲ ಅನ್ನುವ ಸಂಕಟ ಚನ್ನಗಿರಿ ಬರುವವರೆಗೂ ಬಿಡಲಿಲ್ಲ.

ಅವರಲ್ಲಿ ದೋಷ ಇರಲಿಲ್ಲ ಅಂತಲ್ಲ. ಇದ್ದವು, ನಾನು ಒಂದೊಂದನ್ನೂ ಆರಿಸಿ ಇಟ್ಟುಕೊಂಡಿದ್ದೆ. ಯಾರ ಮನೆಗೂ ಊಟಕ್ಕೆ ಹೋಗುತ್ತಿರಲಿಲ್ಲ. ಜನರ ಹೆಸರು ಮರೆಯುತ್ತಿದ್ದರು. ಮಾತು ಬಿರುಸು. ಒಮ್ಮೆ ನ್ಯಾಮತಿ ಶಾಖೆಯ ಗುಮಾಸ್ತೆಯೊಬ್ಬಳು ಪಟ್ಟಿಯಲ್ಲಿ ಅರ್ಧ ಬರೆದು ಅರ್ಧ ಬಿಟ್ಟಿದ್ದಕ್ಕೆ ಎಲ್ಲರ ಮುಂದೆ ಮೂರು ಸಲ ಯಾಕೆ, ಯಾಕೆ ಅಂತ ಕೇಳಿ ಆ ಹುಡುಗಿಯನ್ನು ಅಳಿಸಿಬಿಟ್ಟರು. ನನಗೆ ಹಬ್ಬ. ಸಂಜೆಯೊಳಗೆ ಈ ಸುದ್ದಿ ಯಜಮಾನರ ಕಿವಿಗೆ ಬೀಳುವ ಹಾಗೆ ನೋಡಿಕೊಂಡೆ. ಮಾರನೇ ದಿನ ಮೇಡಂ ಮತ್ತೆ ನ್ಯಾಮತಿಗೆ ಹೋದರು. ನಿನ್ನೆ ಯಾರ್‍ಯಾರು ಇದ್ದರೋ ಅವರನ್ನೆಲ್ಲ ಕರೆಸಿ, ಅವರ ಮುಂದೆಯೇ ಆ ಹುಡುಗಿಗೆ, ನಾನು ಹಂಗೆ ಕೇಳಬಾರದಿತ್ತು ಅಂದರಂತೆ. ಹಿಂದಿನ ದಿನ ಅತ್ತ ಹುಡುಗಿ ಆಮೇಲೆ ಮೇಡಂ ಬಗ್ಗೆ ಯಾರು ಏನಂದರೂ ಕೇಳುತ್ತಿರಲಿಲ್ಲ. ನಾನು ಬೈದವರು ಎಷ್ಟೋ ಜನ ಇದ್ದಾರೆ. ಒಬ್ಬರ ಹತ್ತಿರವೂ ಹಾಗೆ ಹೋಗಿ ನಿಂತವನಲ್ಲ ನಾನು.

ಯಜಮಾನರ ಸಂಗತಿ ಇನ್ನೂ ಬೇರೆ. ಅವರಿಗೆ ವಾರಕ್ಕೊಂದು ಹೊಸ ಆಸೆ. ರೈತರ ಫೋನಿಗೆ ಮೆಸೇಜ್ ಹೋಗಬೇಕು, ಮೊಬೈಲಿನಲ್ಲೇ ಎಲ್ಲಾ ಕಾಣಬೇಕು, ನೆಂಟರ ಅಂಗಡಿಯಲ್ಲಿ ನೋಡಿದ ಇನ್ಯಾವುದೋ ಬೇಕು. ನಾನಾಗಿದ್ದರೆ ಆತು ಯಜಮಾನ್ರೇ ಅಂದು ಬಂದು, ಆಮೇಲೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಮೇಡಂ ಒಂದು ದೊಡ್ಡ ಹಾಳೆಯಲ್ಲಿ ಮಾಡಬೇಕಾದ ಕೆಲಸಗಳನ್ನೆಲ್ಲ ಬರೆದು ಯಜಮಾನರ ಮೇಜಿನ ಮೇಲೆ ಹರವುತ್ತಿದ್ದರು. ಇದನ್ನೂ ಸೇರ್ಸೋಣ, ಇದರೊಳಗೆ ಯಾವುದನ್ನ ತೆಗೀಲಿ ಹೇಳ್ರಿ ಅಂತ ಮಾರ್ಕರ್ ಅವರ ಕೈಗೇ ಕೊಡುತ್ತಿದ್ದರು. ಒಮ್ಮೆ ಯಜಮಾನರಿಗೆ ರೇಗಿತು, ನನ್ನ ಅಂಗಡಿಯಾಗೆ ನನ್ನ ಮಾತು ನಡೆಯಂಗಿಲ್ಲೇನು ಅಂತ ಜೋರು ಮಾಡಿದರು. ಮೇಡಂ ಎದ್ದು ಬರಲಿಲ್ಲ. ಕುರ್ಚಿಯಲ್ಲಿ ಕೂತೇ ಇದ್ದರು. ಕೊನೆಗೆ ಯಜಮಾನರು ಮಾರ್ಕರಿಗೆ ಮುಚ್ಚಳ ಹಾಕಿ, ಆಮ್ಯಾಲೆ ನೋಡಾನ ಬಿಡ್ರಿ ಅಂದರು. ಅರೆತೆರೆದ ಬಾಗಿಲ ಹೊರಗೆ ನಿಂತು ನೋಡುತ್ತಿದ್ದ ನನಗೆ, ಆ ಕುರ್ಚಿಯಲ್ಲಿ ನಾನು ಕೂತಿದ್ದರೆ ಎಷ್ಟು ಬೇಗ ಎದ್ದು ನಿಲ್ಲುತ್ತಿದ್ದೆ ಅನ್ನುವುದು ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲೂ ಸಮಾಧಾನ ಇರಲಿಲ್ಲ. ಆಯುಧಪೂಜೆಗೆ ನನ್ನ ಹೆಂಡತಿ ಕಚೇರಿಗೆ ಬಂದಿದ್ದಳು. ಮೇಡಂ ಅವಳ ಜತೆ ಅರ್ಧ ಗಂಟೆ ಮಾತಾಡಿದರು. ಮನೆಗೆ ಬಂದ ಮೇಲೆ ಅವಳು, ನಿಮ್ ಮೇಡಂ ಭಾಳ ಒಳ್ಳೇರು, ನಿಮ್ಮ ಮನೆಯವರು ಇಲ್ದಿದ್ರೆ ಈ ಕೆಲಸ ಒಂದು ಹೆಜ್ಜೆ ಮುಂದೆ ಹೋಗ್ತಿರಲಿಲ್ಲ ಅಂದ್ರು ಅಂತ ಹಿಗ್ಗಿ ಹೇಳಿದಳು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು.

ಪ್ರತಿ ಸೋಮವಾರ ಒಂದು ಸಭೆ ನಡೆಯುತ್ತಿತ್ತು. ನಾಲ್ಕೂ ಶಾಖೆಯವರು, ದಾವಣಗೆರೆಯ ಪ್ರೋಗ್ರಾಂ ಬರೆಯುವವರು ಎಲ್ಲ ಫೋನಿನಲ್ಲೋ ಎದುರಿಗೋ ಇರುತ್ತಿದ್ದರು. ದಾವಣಗೆರೆಯವರು ಮುಂದಿನ ವಾರ ಮುಗಿಯುತ್ತೆ ಅಂತ ಶುರುಮಾಡಿದರೆ ಮೇಡಂ, ಮುಂದಿನ ವಾರದ್ದು ಬ್ಯಾಡ, ಇವತ್ತು ಏನಾಗೈತೆ ತೋರ್ಸಿ ಅನ್ನುತ್ತಿದ್ದರು. ಸಭೆಯ ಕೊನೆಗೆ ಒಬ್ಬೊಬ್ಬರನ್ನೇ ಕೇಳುತ್ತಿದ್ದರು, ನಿಮ್ಮ ಕಣ್ಣಿಗೆ ಯಾವುದು ಕೆಡೋ ಹಂಗೆ ಕಾಣ್ತೈತೆ? ಕೆಟ್ಟ ಸುದ್ದಿ ಹೇಳಿದವರಿಗೆ ಮೊದಲು ಒಂದು ಥ್ಯಾಂಕ್ಸ್, ಆಮೇಲೆ ಪರಿಹಾರದ ಮಾತು. ಮೊದಮೊದಲು ಯಾರೂ ಬಾಯಿ ಬಿಡುತ್ತಿರಲಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ನಾ ಮುಂದು ತಾ ಮುಂದು ಅಂತ ತಪ್ಪು ಒಪ್ಪಿಕೊಳ್ಳುತ್ತಿದ್ದರು. ನಾನೊಬ್ಬ ಮಾತ್ರ ಪ್ರತಿ ವಾರ, ಏನಿಲ್ಲ ಮೇಡಂ, ಎಲ್ಲಾ ಸರಿ ಐತೆ ಅನ್ನುತ್ತಿದ್ದೆ.

ಈಗ ನಾನು ಮಾಡಿದ್ದನ್ನು ಹೇಳಬೇಕು.

ನಾಲ್ಕೂ ಶಾಖೆಯ ಬಿಡಿಭಾಗಗಳ ಪಟ್ಟಿಯನ್ನು ಒಂದು ಮಾಡುವ ಕೆಲಸ ನನ್ನದಾಗಿತ್ತು. ಒಂದೇ ನಂಬರ್ ಇದ್ದರೆ ಒಂದೇ ಸಾಮಾನು ಅಂತ ಹೊಸ ವ್ಯವಸ್ಥೆ ತಿಳಿದುಕೊಳ್ಳುತ್ತದೆ. ಹೊನ್ನಾಳಿಗೆ ಹೋದಾಗ ಅಲ್ಲಿನ ಸ್ಟೋರ್ ಕೀಪರ್ ನನ್ನನ್ನು ಕರೆದು ಒಂದು ಬೆಲ್ಟ್ ತೋರಿಸಿದರು. ನೋಡ್ರಿ ಸಾರ್, ನಿಮ್ಮ ಚನ್ನಗಿರಿಯಾಗೆ ಐವತ್ತೆರಡು ನಂಬರು ಅಂದ್ರೆ ಅಡಿಕೆ ಸುಲಿಯೋ ಮಷಿನ್ ಬೆಲ್ಟು. ನಮ್ಮಲ್ಲಿ ಐವತ್ತೆರಡು ಅಂದ್ರೆ ಭತ್ತದ ಮಷಿನ್ದು. ಎರಡೂ ಒಂದೇ ಮಾಡಿಗೀಡೀರಿ ಅಂದರು. ನೋಡ್ಕಂತೀನಿ ಅಂದೆ. ಚೀಟಿಯಲ್ಲಿ ಬರೆದುಕೊಂಡೆ ಕೂಡ.

ಚೀಟಿ ಕಿಸೆಯಲ್ಲೇ ಇತ್ತು. ಸೋಮವಾರದ ಸಭೆಯಲ್ಲಿ ಮೇಡಂ ಎಂದಿನಂತೆ ನನ್ನ ಕಡೆ ತಿರುಗಿ ಕೇಳಿದರು. ಹೇಳಲು ಬಾಯಿ ತೆರೆದೆ. ಅವತ್ತು ಬೆಳಿಗ್ಗೆಯಷ್ಟೇ ಯಜಮಾನರು ಎಲ್ಲರೆದುರು ಅವರನ್ನು ಹೊಗಳಿದ್ದರು. ಏನಿಲ್ಲ ಮೇಡಂ, ಎಲ್ಲಾ ಸರಿ ಐತೆ ಅಂದುಬಿಟ್ಟೆ. ಮುಂದಿನ ವಾರ ಹೇಳಿದರಾಯಿತು ಅಂತ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಮುಂದಿನ ವಾರವೂ ಹೇಳಲಿಲ್ಲ. ಹೊಸ ವ್ಯವಸ್ಥೆ ಶುರುವಾಯಿತು, ಯಜಮಾನರು ಪೇಡ ಹಂಚಿದರು. ನಾನೂ ಒಂದು ತಿಂದೆ.

ಅಡಿಕೆ ಕೊಯ್ಲು ಜೋರಾಗಿ ನಡೆಯುತ್ತಿದ್ದ ಹೊತ್ತು. ನಲ್ಲೂರಿನ ಹತ್ತಿರ ಒಬ್ಬ ಖೇಣಿದಾರರು, ತೋಟದ ಫಸಲನ್ನು ಮೊದಲೇ ಮಾತಾಡಿ ಕೊಳ್ಳುವವರು, ನಮ್ಮಿಂದ ಎರಡು ಸುಲಿಯುವ ಮಷಿನು ಒಯ್ದಿದ್ದರು. ಒಂದೇ ದಿನ ಎರಡರ ಬೆಲ್ಟೂ ಹರಿದವು. ಚನ್ನಗಿರಿಯಲ್ಲಿ ಬೆಲ್ಟು ಮುಗಿದಿತ್ತು. ಪರದೆಯಲ್ಲಿ ಹೊನ್ನಾಳಿಯಲ್ಲಿ ಇವೆ ಅಂತ ತೋರಿಸಿತು. ನಮ್ಮವರು ಅಲ್ಲಿಂದ ತರಿಸಿ ನಲ್ಲೂರಿಗೆ ಕಳಿಸಿದರು. ಅವು ಕೂರಲಿಲ್ಲ. ತಪ್ಪಾಗಿ ಬಂದಿರಬೇಕು ಅಂತ ಮತ್ತೆ ತರಿಸಿದರು, ಮತ್ತೆ ಅವೇ ಬಂದವು. ಹಸಿ ಅಡಿಕೆ ರಾಶಿ ಬಿದ್ದಿದೆ, ಸುಲಿದು ಬೇಯಿಸದಿದ್ದರೆ ಹಾಳಾಗುತ್ತದೆ. ಎರಡನೇ ದಿನ ಮಧ್ಯಾಹ್ನ ಖೇಣಿದಾರರು ಯಜಮಾನರಿಗೇ ಫೋನ್ ಮಾಡಿದರು.

ಯಜಮಾನರ ಕೋಣೆಗೆ ನಮ್ಮೆಲ್ಲರನ್ನೂ ಕರೆಸಿದರು. ಫೋನಿನಲ್ಲಿ ಹೊನ್ನಾಳಿಯ ಸ್ಟೋರ್ ಕೀಪರ್ ಇದ್ದರು. ಎರಡು ದಿನ ತಪ್ಪು ಬೆಲ್ಟು ಕಳಿಸಿದವರು ಅವರೇ ಅಂತ ಯಜಮಾನರು ಅವರಿಗೆ ಬಾಯಿಗೆ ಬಂದ ಹಾಗೆ ಬೈದರು. ಕಣ್ಣು ಕಾಣ್ಸಂಗಿಲ್ಲೇನು, ಮನೀಗೆ ಹೋಗು ಅಂದರು. ಇಂಥವರಿಗೆ ಹೇಳಿದ್ದೆ ಅಂತ ಅವರು ನನ್ನ ಹೆಸರು ಹೇಳುತ್ತಾರೆ ಅಂತ ನಾನು ಕಾಯುತ್ತಾ ನಿಂತಿದ್ದೆ. ಹೇಳಲಿಲ್ಲ. ಆಗ ಮೇಡಂ, "ಅವರದ್ದೇನೂ ತಪ್ಪಿಲ್ಲ. ಪರದೆ ಕೇಳಿದ ನಂಬರನ್ನೇ ಅವರು ಕಳ್ಸ್ಯಾರೆ. ತಪ್ಪು ನಂದು, ನಾನು ಸರಿಯಾಗಿ ವಿಚಾರಿಸಬೇಕಿತ್ತು" ಅಂದರು. ಯಜಮಾನರ ಸಿಟ್ಟೆಲ್ಲ ಅವರ ಕಡೆ ತಿರುಗಿತು. ನಾನು ಬಯಸಿದ್ದು ಕಣ್ಣೆದುರೇ ನಡೆಯುತ್ತಿತ್ತು. ನನಗೆ ಅದನ್ನು ನೋಡಲು ಆಗಲಿಲ್ಲ. ಹಾಗಂತ ಬಾಯಿ ತೆರೆಯಲೂ ಇಲ್ಲ.

ನ್ಯಾಮತಿಯಲ್ಲಿ ಬೇರೆ ನಂಬರಿನಡಿ ಸರಿಯಾದ ಬೆಲ್ಟು ಸಿಕ್ಕವು. ಮೇಡಂ ಮೆಕ್ಯಾನಿಕ್ ಜತೆ ಜೀಪು ಹತ್ತಿದರು, ನೀವೂ ಬರ್ರಿ ಅಂತ ನನ್ನನ್ನೂ ಕರೆದರು. ಖೇಣಿಮನೆಯ ಅಂಗಳದಲ್ಲಿ ಎದೆಯೆತ್ತರ ಅಡಿಕೆ ರಾಶಿ ಇತ್ತು. ಸುಲಿಯಲು ಬಂದ ಹೆಂಗಸರು ಒಂದಷ್ಟನ್ನು ಕತ್ತಿಯಲ್ಲಿ ಸುಲಿಯುತ್ತಿದ್ದರು, ಮಿಕ್ಕವರು ಸುಮ್ಮನೆ ಕೂತಿದ್ದರು. ಬೇಯಿಸುವ ಹಂಡೆಯ ಕೆಳಗೆ ಬೆಂಕಿ ಆರಿತ್ತು. ಖೇಣಿದಾರರು ಮೇಡಂಗೆ ಎಲ್ಲರ ಮುಂದೆ ಬೈದರು. ಹೆಣ್ಮಕ್ಕಳ ಕೈಗೆ ಕೊಟ್ರೆ ಹಿಂಗೇ ಆಗಾದು ಅನ್ನುವ ಮಾತೂ ಬಂತು. ಮೇಡಂ ಮುಖ ಕೆಂಪಗಾಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಗಿಯಾಗಿ ಹಿಡಿದಿದ್ದರು. ನಾನು ಅವರ ಬೆನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿದ್ದೆ. ಅವರು ಎಲ್ಲಾ ಮುಗಿಯುವವರೆಗೆ ಕೇಳಿದರು. ಆಮೇಲೆ, ನಿಮ್ಮ ಎರಡು ದಿನ ಹಾಳಾಗೈತೆ, ನಮ್ಮಿಂದಲೇ ಆಗಿದ್ದು, ಇನ್ಮೇಲೆ ಏನೇ ಕೆಟ್ಟರೂ ನೇರ ನನಗೇ ಫೋನ್ ಮಾಡ್ರಿ ಅಂತ ತಮ್ಮ ನಂಬರು ಬರೆದುಕೊಟ್ಟರು. ಮಷಿನು ಶುರುವಾಗಿ ಮೊದಲ ಬುಟ್ಟಿ ತುಂಬುವವರೆಗೆ ಅಲ್ಲಿಂದ ಕದಲಲಿಲ್ಲ.

ವಾಪಸ್ ಬರುವಾಗ ಜೀಪಿನಲ್ಲಿ ನನ್ನ ಮುಖ ನೋಡದೆ ಹೇಳಿದರು: ನಾಲ್ಕೂ ಶಾಖೆಯ ಪ್ರತಿ ಸಾಮಾನನ್ನೂ ಕೈಯಲ್ಲಿ ಹಿಡಿದು ನೋಡಿ ನಂಬರು ಸರಿಮಾಡಬೇಕು. ಅದರ ಮುಖ್ಯಸ್ಥರು ನೀವೇ. ಯಾರನ್ನ ಬೇಕಾದರೂ ಕರ್ಕೊಳ್ರಿ.

ಹೊನ್ನಾಳಿಗೆ ಬೇರೆಯವರನ್ನು ಕಳಿಸಿದೆ. ಮಿಕ್ಕ ಮೂರೂ ಕಡೆ ನಾನೇ ನಿಂತು, ಹಗಲೆಲ್ಲ ರ್‍ಯಾಕಿನ ಮುಂದೆ ಗ್ರೀಸ್ ಬಳಿದುಕೊಂಡು ಕೆಲಸ ಮಾಡಿದೆ. ಅಷ್ಟು ಚೊಕ್ಕವಾದ ಕೆಲಸ ನಾನು ಅದಕ್ಕೆ ಮೊದಲು ಮಾಡಿರಲಿಲ್ಲ. ಐವತ್ತೆರಡರಂಥವು ಇನ್ನೂ ಹತ್ತಾರು ಸಿಕ್ಕವು. ಮುಗಿದ ದಿನ ಮೇಡಂ ಯಜಮಾನರ ಮುಂದೆ, ಇದಿಷ್ಟೂ ಇವರದೇ ಕೆಲಸ ಅಂದರು. ಯಜಮಾನರು ನನ್ನ ಬೆನ್ನು ತಟ್ಟಿದರು. ಹನ್ನೆರಡು ವರ್ಷದಿಂದ ಬಯಸಿದ್ದ ಆ ತಟ್ಟು ಬೆನ್ನ ಮೇಲೆ ಬಿದ್ದಾಗ, ಅದನ್ನೂ ಅವರೇ ಕೊಡಿಸಬೇಕಾಯಿತಲ್ಲ ಅನ್ನಿಸಿತು.

ಅದಾದ ಮೇಲೆ ಎರಡು ವರ್ಷ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಮೊನ್ನೆ ಬೇಸಿಗೆಯಲ್ಲಿ ಅವರ ಗಂಡನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಮೇಡಂ ರಾಜೀನಾಮೆ ಕೊಟ್ಟರು, ತಮ್ಮ ಜಾಗಕ್ಕೆ ನನ್ನ ಹೆಸರನ್ನೇ ಹೇಳಿದರು. ಬೀಳ್ಕೊಡುಗೆಗೆ ನಾಲ್ಕೂ ಶಾಖೆಯವರು ಬಂದರು. ನಿವೃತ್ತರಾಗಿದ್ದ ಜಗಳೂರಿನ ಹಿರಿಯರು ಮಗನ ಬೈಕಿನಲ್ಲಿ ಬಂದು ಶಾಲು ಹೊದಿಸಿದರು. ನಲ್ಲೂರಿನ ಆ ಖೇಣಿದಾರರು ಕೂಡ ಒಂದು ಬುಟ್ಟಿ ಬಾಳೆಹಣ್ಣು ಹಿಡಿದು ಬಂದಿದ್ದರು. ನಾನು ಹೋಗುವ ದಿನ ಇವರಲ್ಲಿ ಎಷ್ಟು ಜನ ಬರುತ್ತಾರೆ ಅಂತ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಣಿಸಲು ಹೆಚ್ಚು ಬೆರಳು ಮಡಿಸಬೇಕಾಗಲಿಲ್ಲ.

ಎಲ್ಲರೂ ಹೋದ ಮೇಲೆ ಮೇಡಂ ಕಪಾಟು ಖಾಲಿ ಮಾಡುತ್ತಿದ್ದರು. ಹೋಗಿ ಬಾಗಿಲಲ್ಲಿ ನಿಂತೆ. ಹೇಗೆ ಶುರುಮಾಡಿದೆನೋ ನೆನಪಿಲ್ಲ. ಐವತ್ತೆರಡನೇ ನಂಬರಿನ ವಿಷಯ ನನಗೆ ಮೊದಲೇ ಗೊತ್ತಿತ್ತು, ಬೇಕಂತಲೇ ಹೇಳಲಿಲ್ಲ ಅಂದೆ.

ಅವರು ಕೈಯಲ್ಲಿದ್ದ ಫೈಲು ಕೆಳಗಿಟ್ಟರು. "ಗೊತ್ತೈತೆ" ಅಂದರು. "ಅವತ್ತೇ ಜೀಪು ಹತ್ತೋಕೆ ಮುಂಚೆ ಹೊನ್ನಾಳಿಗೆ ಫೋನ್ ಮಾಡಿದ್ದೆ. ನಿಮಗೆ ಮೊದ್ಲೇ ಹೇಳಿದ್ದನ್ನ ಅವರು ತಿಳಿಸಿದ್ರು."

"ಮತ್ತೆ ನನ್ನ ಯಾಕೆ ಕೇಳ್ಲಿಲ್ಲ?"

"ನಂಬರೆಲ್ಲ ಸರಿಮಾಡಬೇಕಿತ್ತು. ಅದನ್ನ ನಿಮ್ಮಂಗೆ ಮಾಡೋರು ಇನ್ನೊಬ್ಬರು ಇರ್ಲಿಲ್ಲ. ಕೇಳಿದ್ರೆ ನೀವು ಕೆಲ್ಸ ಬಿಟ್ಟು ಹೋಗ್ತಿದ್ರಿ."

ಸಿಟ್ಟು ಬರಲಿಲ್ಲವಾ ಅಂತ ಕೇಳಿದೆ. ಬರಲಿ ಅಂತ ನನಗೆ ಆಸೆಯಿತ್ತು. ಬಂತು, ಒಂದು ವಾರ ನಿಮ್ಮ ಮುಖ ನೋಡಾಕೆ ಆಗ್ಲಿಲ್ಲ, ಆಮೇಲೆ ಕೆಲಸ ಹೆಚ್ಚಾಯಿತು ಅಂದರು. ಅವರ ದನಿಯಲ್ಲಿ ನನ್ನನ್ನು ಕ್ಷಮಿಸುವ ದೊಡ್ಡಸ್ತಿಕೆ ಇರಲಿಲ್ಲ, ಚುಚ್ಚುವುದೂ ಇರಲಿಲ್ಲ. ನಾನು ಅಷ್ಟು ದಿನ ಹೊತ್ತು ತಿರುಗಿದ್ದ ಪಾಪಕ್ಕೆ ಅವರ ಲೆಕ್ಕದಲ್ಲಿ ಒಂದು ವಾರ. ಆಮೇಲೆ ಕಪಾಟಿನ ಕಡೆ ತಿರುಗಿ, "ನನ್ನ ಹತ್ರ ಹೇಳಿ ಏನಾಗ್ಬೇಕು. ಬೈಸ್ಕೊಂಡಿದ್ದು ಹೊನ್ನಾಳಿಯವರು. ಅಲ್ಲಿಗೆ ಹೋಗಿ ಹೇಳ್ರಿ" ಅಂದರು.

ಅವರ ಕುರ್ಚಿಯಲ್ಲಿ ಕೂತ ಮೊದಲ ವಾರವೇ ಹೊನ್ನಾಳಿಗೆ ಹೋದೆ. ಸ್ಟೋರ್ ಕೀಪರ್ ಕೌಂಟರಿನ ಹಿಂದೆ ಗ್ಯಾಸ್ಕೆಟ್‌ಗಳನ್ನು ದಾರಕ್ಕೆ ಪೋಣಿಸುತ್ತಿದ್ದರು. ಗಿರಾಕಿ ಇಲ್ಲದ ಹೊತ್ತು ನೋಡಿ, ಅವತ್ತು ಯಜಮಾನರು ನಿಮಗೆ ಬೈದದ್ದು ನನ್ನಿಂದ, ನೀವು ಹೇಳಿದ್ದನ್ನ ನಾನು ಮುಚ್ಚಿಟ್ಟಿದ್ದೆ ಅಂದೆ. ಅವರು ಪೋಣಿಸುವುದನ್ನು ನಿಲ್ಲಿಸದೆ, ಹೌದ್ರಿ ಅಂದರು. ಆಮೇಲೆ ಹುಡುಗನನ್ನು ಕೂಗಿ ಎರಡು ಚಾ ತರಲು ಹೇಳಿದರು.

ಚಾ ಬಂದ ಮೇಲೆ ಅವರೇ ಮಾತಾಡಿದರು. "ನಾನು ಅವತ್ತೇ ಯಜಮಾನ್ರಿಗೆ ನಿಮ್ಮ ಹೆಸರು ಹೇಳ್ಬೇಕಂತ ಫೋನ್ ಹಿಡ್ದಿದ್ದೆ ಸಾರ್. ಮೇಡಮ್ಮೋರು ಬ್ಯಾಡ ಅಂದ್ರು. ಅವರು ತಾವಾಗಿ ಬಂದು ನಿಮ್ಮ ಹತ್ರ ಹೇಳ್ತಾರೆ, ಅಲ್ಲೀತಂಕ ತಡ್ಕೊಳ್ರಿ ಅಂದ್ರು. ಬರಲ್ಲ ಬಿಡ್ರಿ ಅಂದೆ ನಾನು. ಬರ್ತಾರೆ ಅಂದ್ರು."

ಮೊದಲ ವರ್ಷವೆಲ್ಲ ನಾನು ಅವರು ಬೀಳಲಿ ಅಂತ ಕಾದಿದ್ದೆ. ಆಮೇಲಿನ ಎರಡು ವರ್ಷ ಅವರು ನಾನು ಇಲ್ಲಿಗೆ ಬರುತ್ತೇನೆ ಅಂತ ಕಾದಿದ್ದರು. ನನ್ನ ಹೆಂಡತಿಗೂ ನನ್ನ ಮೇಲೆ ಅಷ್ಟು ನಂಬಿಕೆ ಇದೆಯೋ ಇಲ್ಲವೋ, ನನಗಂತೂ ಇರಲಿಲ್ಲ.

ಸಂಜೆಯ ಬಸ್ಸು ಹೊಳೆ ದಾಟಿ ಈ ಕಡೆ ಬಂದಾಗ ಮೇಡಂಗೆ ಫೋನ್ ಮಾಡಿದೆ. ಹಿಂದೆ ಜನರ ಮಾತು ಕೇಳಿಸುತ್ತಿತ್ತು, ಹೊಸ ಕಚೇರಿಯಲ್ಲಿ ಇರಬೇಕು. ಹೊನ್ನಾಳಿಗೆ ಹೋಗಿದ್ದೆ ಅಂದೆ. ಒಳ್ಳೇದಾತು ಅಂದರು. ಬೇರೇನೂ ಕೇಳಲಿಲ್ಲ. ಆಮೇಲೆ, ಸಭೆ ನಡೀತೈತೆ, ಇಡ್ತೀನ್ರಿ ಅಂತ ಇಟ್ಟುಬಿಟ್ಟರು. ಫೋನು ಕೈಯಲ್ಲಿ ಹಿಡಿದುಕೊಂಡು ಕೂತೆ. ಹುಬ್ಬಳ್ಳಿಯ ಆ ಕೋಣೆಯಲ್ಲಿ ಈಗ ಅವರ ಎದುರಿಗೆ ಯಾರು ಯಾರು ಕೂತಿದ್ದಾರೋ, ಅವರನ್ನೆಲ್ಲ ನೆನೆದು ಮತ್ತೆ ಹೊಟ್ಟೆಕಿಚ್ಚಾಯಿತು.